ಆಮ್ಲ–ಪ್ರತ್ಯಾಮ್ಲ ಪಾಠ: ಮುರುಗಲಿನಿಂದ ಮೈಲುತುತ್ತಿನವರೆಗೆ

ಶಿರಸಿ ಸೀಮೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಹತ್ತನೆಯ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠದಲ್ಲಿ ಪ್ರತಿ ಪ್ರಯೋಗಕ್ಕೂ ಮುನ್ನ ಏನಾಗಬಹುದೆಂಬ ಊಹೆಯನ್ನು ಮಕ್ಕಳಿಂದ ಬರೆಯಿಸಿಕೊಳ್ಳುತ್ತೇನೆ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಉಕ್ಕಿಸುವ ‘ಜ್ವಾಲಾಮುಖಿ’ಗೆ ಚಪ್ಪಾಳೆಯೇನೋ ಬೀಳುತ್ತದೆ, ಆದರೆ ಊಹಿಸಲು ಅದರಲ್ಲಿ ಹೆಚ್ಚೇನೂ ಇಲ್ಲವೆಂದು ನಾನು ಅದನ್ನು ಕೈಬಿಟ್ಟಿದ್ದೇನೆ.

ಮೊದಲಿಗೆ ಒಣಗಿದ ಮುರುಗಲ (ಕೋಕಂ) ಸಿಪ್ಪೆಯನ್ನು ನೆನೆಸಿ ಸೋಸಿದ ಕೆಂಪು ನೀರನ್ನು ಸೂಚಕವಾಗಿ ಬಳಸುತ್ತೇನೆ. ಲಿಂಬೆರಸ ಬಿದ್ದರೆ ಕೆಂಪು ಹಾಗೆಯೇ ಉಳಿಯುತ್ತದೆ; ವಾಷಿಂಗ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಟ್ಟಾಗ ಮೊದಲು ಸಣ್ಣಗೆ ನೊರೆಯೆದ್ದು, ಆಮೇಲೆ ಕೆಂಪು ಮಾಸಿ ಬಣ್ಣ ಹಸಿರಿನತ್ತ ಹೊರಳುತ್ತದೆ. ಮುರುಗಲು ತಾನೇ ಹುಳಿಯಾದ್ದರಿಂದ ರಸ ತೆಳುವಾಗಿರಬೇಕು, ಇಲ್ಲದಿದ್ದರೆ ಸೋಡಾ ಸುರಿದಷ್ಟೂ ಸಾಲದು.

ಮಕ್ಕಳು ಉಸಿರು ಬಿಗಿಹಿಡಿದು ನೋಡುವುದು ಸುಣ್ಣದ ತಿಳಿನೀರಿನ ಪ್ರಯೋಗವನ್ನು. ಕರಾವಳಿಯಿಂದ ಬರುವ ಚಿಪ್ಪಿಸುಣ್ಣವನ್ನು ರಾತ್ರಿ ನೀರಿನಲ್ಲಿ ಕಲಕಿಟ್ಟು, ಬೆಳಿಗ್ಗೆ ತಿಳಿಯನ್ನಷ್ಟೇ ಬಸಿದು, ಇನ್ನಷ್ಟು ನೀರು ಸೇರಿಸಿ, ಪ್ರತ್ಯಾಮ್ಲದಲ್ಲಿ ಬಣ್ಣ ತಳೆಯುವ ಫಿನಾಲ್ಫ್ಥಲೀನ್ ಸೂಚಕವನ್ನು ಎರಡು ಹನಿ ಹಾಕಿದರೆ ನೀರು ಗುಲಾಬಿಯಾಗುತ್ತದೆ. ಕನ್ನಡಕ ಧರಿಸಿದ ಒಬ್ಬರು ಕೊಳವೆಯಿಂದ ನಿಧಾನವಾಗಿ ಊದಬೇಕು, ಹೀರಲೇಕೂಡದು. ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವಾಗ ದ್ರಾವಣ ಹಾಲಿನಂತೆ ಮಸುಕಾಗುತ್ತದೆ, ಪಿಎಚ್ (ಆಮ್ಲ–ಪ್ರತ್ಯಾಮ್ಲತೆಯ ಅಳತೆ) ಸುಮಾರು 8.2ಕ್ಕಿಂತ ಕೆಳಗಿಳಿದಾಗ ಗುಲಾಬಿ ಬಣ್ಣ ಅಳಿಯುತ್ತದೆ. ಉಸಿರು ಆಮ್ಲದಂತೆ ವರ್ತಿಸೀತೆಂದು ಊಹಿಸಿದವರು ತೀರ ವಿರಳ.

ಕೊನೆಯದು ಅಡಿಕೆ ತೋಟದವರ ಮನೆಮಾತಾದ, ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ. ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ತಲಾ 1 ಕಿಲೋ ಎಂಬ ಲೆಕ್ಕವನ್ನು 1 ಲೀಟರಿಗೆ ತಲಾ 10 ಗ್ರಾಂ ಎಂದು ಇಳಿಸಿ, ಕೈಗವಸು ತೊಟ್ಟು, ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆಬೇರೆಯಾಗಿ ಕರಗಿಸಿ ಬೆರೆಸುತ್ತೇವೆ. ಮೈಲುತುತ್ತಿನ ನೀರು ನೀಲಿ ಲಿಟ್ಮಸನ್ನು ಕೆಂಪಾಗಿಸುತ್ತದೆ. ಸುಣ್ಣ ಸಾಲದಿದ್ದರೆ, ಉಜ್ಜಿದ ಕತ್ತಿಯನ್ನು ಅದ್ದಿದಾಗ ಅಲಗಿಗೆ ತಾಮ್ರದ ಕೆಂಪು ಲೇಪ ಹಿಡಿಯುತ್ತದೆ. ಸಾಕಷ್ಟಿದ್ದರೆ ತಾಮ್ರವೆಲ್ಲ ನೀಲಿ ಗಸಿಯಾಗಿ ಹೊರಬಂದಿರುವುದರಿಂದ ಅಲಗು ಹಾಗೆಯೇ ಇರುತ್ತದೆ.

ಮೂಟೆ ಬಿಚ್ಚಿಟ್ಟ ಹಳೆಯ ಸುಣ್ಣವನ್ನು ಅಪ್ಪ ಔಷಧಿಗೆ ಏಕೆ ಸೇರಿಸುವುದಿಲ್ಲವೆಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ನಾನು ಉತ್ತರಿಸಬೇಕಾಗಲಿಲ್ಲ. ಹಿಂದಿನ ದಿನ ಕೊಳವೆ ಊದಿದ್ದ ಹುಡುಗನೇ, ಗಾಳಿಯು ಆ ಸುಣ್ಣವನ್ನು ಆಗಲೇ ಕಾರ್ಬೊನೇಟ್ ಮಾಡಿಬಿಟ್ಟಿರುತ್ತದೆ ಎಂದ.