ಮಿಲಿಯಿಂದ ಟಿಎಂಸಿವರೆಗೆ: ನೀರು, ಎಣ್ಣೆಯ ಅಳತೆ ಲೆಕ್ಕ ಹಾಕೋದು ಹೀಗೆ

ಅಳತೆ ಯಾವುದೇ ಇರಲಿ, ಮೊದಲು ಲೀಟರಿಗೆ ತನ್ನಿ. ಅಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು. 1 ಲೀಟರಿಗೆ 1000 ಮಿಲಿ, 1 ಘನ ಮೀಟರಿಗೆ 1000 ಲೀಟರ್, ಬಾಯಿಪಾಠ ಬೇಕಾಗಿರೋದು ಇಷ್ಟೇ. ಸಿಸಿ ಅಂದರೆ ಘನ ಸೆಂಟಿಮೀಟರ್, ಅದೂ ಮಿಲಿಯೂ ಒಂದೇ. ಕಿಲೋಲೀಟರ್, ಘನ ಮೀಟರ್ ಕೂಡ ಒಂದೇ. ಶುಗರ್ ರಿಪೋರ್ಟಿನಲ್ಲಿ ಕಾಣುವ ಡೆಸಿಲೀಟರ್ 100 ಮಿಲಿ, ಬೇರೆ ಕಡೆ ಅದರ ಗೊಡವೆ ಬೇಡ.

ನಮ್ಮ ರಾಯಚೂರು ಕಡೆ ಹತ್ತಿಗೆ, ಮೆಣಸಿನ ಗಿಡಕ್ಕೆ ಎಣ್ಣೆ (ಅಂದರೆ ಕೀಟನಾಶಕ) ಹೊಡೆಯುವವರಿಗೆ ಈ ಲೆಕ್ಕ ಜಾಸ್ತಿ ಬೇಕು. ಲೀಟರಿಗೆ 2 ಮಿಲಿ ಅಂತಿದ್ದು, ಬೆನ್ನಿಗೆ ಹಾಕುವ ಕ್ಯಾನ್ 16 ಲೀಟರಿನದಾದರೆ 32 ಮಿಲಿ, ಸುಲಭ. ಆದರೆ ಲೇಬಲ್ ಮೇಲೆ ಹೆಕ್ಟೇರಿಗೆ 150 ಮಿಲಿ, ನೀರು 500 ಲೀಟರ್ ಅಂತ ಇದ್ದರೆ? ಎಕರೆ, ಹೆಕ್ಟೇರ್ ಅಂತ ತಲೆ ಕೆಡಿಸಿಕೊಳ್ಳಬೇಡಿ. 150ನ್ನು 500ರಿಂದ ಭಾಗಿಸಿ, ಲೀಟರಿಗೆ 0.3 ಮಿಲಿ. ಅದನ್ನು 16ರಿಂದ ಗುಣಿಸಿದರೆ ಕ್ಯಾನಿಗೆ 4.8 ಮಿಲಿ. ಇಷ್ಟು ಸಣ್ಣ ಅಳತೆಯನ್ನು ಬಾಟಲಿ ಮುಚ್ಚಳದಲ್ಲಿ ಅಂದಾಜಿಗೆ ಸುರಿಯಬೇಡಿ, ಒಂದೊಂದು ಮುಚ್ಚಳ ಒಂದೊಂದು ಸೈಜು ಇರುತ್ತದೆ. ಸೂಜಿ ಇಲ್ಲದ 5 ಮಿಲಿ ಸಿರಿಂಜ್ ತಂದಿಟ್ಟುಕೊಳ್ಳಿ, ಅದನ್ನು ಎಣ್ಣೆಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬೇಡಿ, ಮಕ್ಕಳ ಕೈಗಂತೂ ಸಿಗಲೇಬಾರದು.

ಇನ್ನು ಸಂಪು. ಹೆಚ್ಚಿನವರು ಎಡವೋದು ಇಲ್ಲೇ. 1 ಮೀಟರಿಗೆ 100 ಸೆಂಟಿಮೀಟರ್ ಅಲ್ವಾ, ಹಾಗಾದರೆ 1 ಘನ ಮೀಟರಿಗೂ 100 ಘನ ಸೆಂಟಿಮೀಟರ್ ಅಂತ ಸುಮ್ನೆ ಬರೆದುಬಿಡುತ್ತಾರೆ. ಅಲ್ಲ. ಉದ್ದ, ಅಗಲ, ಆಳ ಮೂರಕ್ಕೂ 100 ಬರುತ್ತದೆ, ಮೂರನ್ನೂ ಗುಣಿಸಿದರೆ 10 ಲಕ್ಷ. ಹಾಗಾಗಿ ಟೇಪ್ ಹಿಡಿಯುವಾಗಲೇ ಮೀಟರಿನಲ್ಲಿ ಬರೆದುಕೊಳ್ಳಿ. ಒಳಗಿನ ಅಳತೆ ಮಾತ್ರ, ಗೋಡೆ ದಪ್ಪ ಸೇರಿಸಬೇಡಿ. 2 ಮೀಟರ್ ಉದ್ದ, 1.5 ಅಗಲ, 1.5 ಆಳ ಇದ್ದರೆ 4.5 ಘನ ಮೀಟರ್, ಅಂದರೆ 4500 ಲೀಟರ್. ಇದೇ ಸಂಪಿನ ತಳ 3 ಚದರ ಮೀಟರ್ ಆಯಿತಲ್ಲ, ನೀರು 10 ಸೆಂಟಿಮೀಟರ್ ಏರಿದರೆ 300 ಲೀಟರ್ ಬಂತು ಅಂತ ಲೆಕ್ಕ. ಬೇಸಿಗೆಯಲ್ಲಿ ಟ್ಯಾಂಕರಿನವರು 3000 ಲೀಟರ್ ಹಾಕಿದ್ದೇವೆ ಅಂದರೆ ನೀರು ಸರಿಯಾಗಿ 1 ಮೀಟರ್ ಏರಿರಬೇಕು. ಕೋಲು ಇಳಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಮಳೆಗಾಲದಲ್ಲಿ ಎಲ್ಲರ ಬಾಯಲ್ಲೂ ಇರುವ ಟಿಎಂಸಿ ಮೆಟ್ರಿಕ್ ಅಲ್ಲ, ಅದು 100 ಕೋಟಿ ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್, ಹಾಗಾಗಿ 1 ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಮುನಿರಾಬಾದ್ ಹತ್ತಿರದ ತುಂಗಭದ್ರಾ ಡ್ಯಾಂ ತುಂಬಿದರೆ 105.788 ಟಿಎಂಸಿ. ಲೀಟರಿನಲ್ಲಿ ಹೇಳಹೊರಟರೆ ಹೆಚ್ಚುಕಡಿಮೆ 3 ಲಕ್ಷ ಕೋಟಿ, ಸೊನ್ನೆ ಎಣಿಸಿಯೇ ಸುಸ್ತಾಗುತ್ತದೆ. 1000ದಿಂದ ಭಾಗಿಸಿ ಘನ ಮೀಟರ್ ಮಾಡಿ: 300 ಕೋಟಿ. 1 ಘನ ಕಿಲೋಮೀಟರಿಗೆ 100 ಕೋಟಿ ಘನ ಮೀಟರ್ (ಇಲ್ಲೂ 1000 ಮೂರು ಸಲ), ಅಂದರೆ ಅಷ್ಟೂ ನೀರು ಬರೀ 3 ಘನ ಕಿಲೋಮೀಟರ್! ಕಾಲುವೆಯ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಅದಕ್ಕೂ ಅದೇ 28.3 ಸಾಕು. 1000 ಕ್ಯೂಸೆಕ್ ಬಿಟ್ಟಿದ್ದಾರೆ ಅಂದರೆ ಸೆಕೆಂಡಿಗೆ 28,300 ಲೀಟರ್, ಘನ ಮೀಟರಿನಲ್ಲಿ 28.3.