ಮೋಲ್ಡೆಯ ಜಾಝ್ ಹಬ್ಬಕ್ಕೆ ಧಾರವಾಡದಿಂದ ಹೋಗಿಬರುವ ಬಗೆ

ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿಗೆ ನಡೆಯುವ ಸಂಗೀತಕ್ಕೆ ಜಮಖಾನೆಯ ಮೇಲೆ ಕುಳಿತು ಬೆಳಗು ಮಾಡಿದವರಿಗೆ, ನಾರ್ವೆಯ ಪಶ್ಚಿಮ ಕರಾವಳಿಯ ಮೋಲ್ಡೆ ಎಂಬ ಊರಿನ ಜಾಝ್ ಹಬ್ಬ ತೀರ ಪರಕೀಯವೆನಿಸಲಿಕ್ಕಿಲ್ಲ. ಅದೂ ಸಣ್ಣ ಊರೊಂದು ಹುಚ್ಚಿನಿಂದ ಕಟ್ಟಿಕೊಂಡ ಹಬ್ಬವೇ. 1953ರಲ್ಲಿ ಹುಟ್ಟಿದ ಸ್ಟೋರಿವಿಲ್ ಎಂಬ ಸ್ಥಳೀಯ ಜಾಝ್ ಕ್ಲಬ್ಬಿನವರು 1961ರಲ್ಲಿ ಇದನ್ನು ಆರಂಭಿಸಿದರು. ಪ್ರತಿವರ್ಷ ಜುಲೈ ನಡುಭಾಗದ ಒಂದು ವಾರ ನಡೆಯುವ ಇದು ಯುರೋಪಿನ ಹಳೆಯ ಜಾಝ್ ಉತ್ಸವಗಳಲ್ಲೊಂದು.

ಹೋಗಬೇಕೆಂದು ನಿಶ್ಚಯಿಸಿದವರು ಮೊದಲು ಹಿಡಿಯಬೇಕಾದದ್ದು ಟಿಕೆಟ್ಟನ್ನಲ್ಲ, ವಿಮಾನವನ್ನೂ ಅಲ್ಲ, ಮಲಗುವ ಕೋಣೆಯನ್ನು. ವೀಸಾ ಬರಲಿ, ಆಮೇಲೆ ನೋಡೋಣ ಎಂದು ಕುಳಿತಿದ್ದ ನನಗೆ ಮೋಲ್ಡೆಯಲ್ಲಿ ಒಂದು ಕೋಣೆಯೂ ಸಿಗದೆ, ಫಿಯೋರ್ಡಿನ, ಅಂದರೆ ನೆಲದೊಳಗೆ ಚಾಚಿದ ಕಡಲತೋಳಿನ, ಆಚೆಯ ಒಂಡಾಲ್ಸ್‌ನೆಸ್ ಎಂಬ ಊರಿನಲ್ಲಿ ಇಳಿದುಕೊಳ್ಳಬೇಕಾಯಿತು. ಅಲ್ಲಿಗೆ ಮರಳುವ ಕೊನೆಯ ಬಸ್ಸು ಕಛೇರಿ ರಂಗೇರುವ ಮೊದಲೇ ಹೊರಡುತ್ತಿದ್ದುದರಿಂದ ಎರಡು ಸಂಜೆ ಅರ್ಧಕ್ಕೇ ಎದ್ದು ಬಂದೆ. ಹಾಗಾಗಿ ಜನವರಿಯಲ್ಲಿಯೇ, ಹಣ ಕಳೆದುಕೊಳ್ಳದೆ ರದ್ದುಮಾಡಬಹುದಾದ ಕೋಣೆಯನ್ನು ಕಾಯ್ದಿರಿಸಿರಿ. ವೀಸಾ ಅರ್ಜಿಗೂ ಆ ಕಾಗದ ಬೇಕಾಗುತ್ತದೆ.

ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲದಿದ್ದರೂ, ಹಲವು ಯುರೋಪಿಯನ್ ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ವಲಯದಲ್ಲಿದೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ವೀಸಾ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕಾದ್ದರಿಂದ ಒಂದು ದಿನದ ರಜೆಯನ್ನು ಅದಕ್ಕೂ ಎತ್ತಿಡಿರಿ.

ಬೆಂಗಳೂರಿನಿಂದ ಎಲ್ಲಿಯಾದರೂ ವಿಮಾನ ಬದಲಿಸಿ ಓಸ್ಲೊ ತಲುಪಿದ ಮೇಲೆ ದಾರಿ ಎರಡಾಗುತ್ತದೆ. ಇನ್ನೊಂದು ಸಣ್ಣ ವಿಮಾನ ಹಿಡಿದರೆ ಸುಮಾರು ಒಂದು ತಾಸಿನಲ್ಲಿ ಮೋಲ್ಡೆ. ಆ ಊರಿಗೆ ರೈಲು ಇಲ್ಲ. ಆದರೂ ನಾನು ರೈಲಿನ ದಾರಿಯನ್ನೇ ಹೇಳುತ್ತೇನೆ: ಓಸ್ಲೊದಿಂದ ಡೊಂಬೊಸ್, ಅಲ್ಲಿ ಗಾಡಿ ಬದಲಿಸಿ 114 ಕಿಲೋಮೀಟರಿನ ರೌಮಾ ಮಾರ್ಗದಲ್ಲಿ ಒಂಡಾಲ್ಸ್‌ನೆಸ್, ಅಲ್ಲಿಂದ ಬಸ್ಸು, ಆ ಬಸ್ಸು ನಡುವೆ ದೋಣಿಯನ್ನೇರಿ ಫಿಯೋರ್ಡನ್ನು ದಾಟುತ್ತದೆ. ರೌಮಾ ಕಣಿವೆಯಲ್ಲಿ ಸುಮಾರು ಸಾವಿರ ಮೀಟರ್ ನೆಟ್ಟಗೆ ನಿಂತ ಟ್ರೋಲ್ ಬಂಡೆಗೋಡೆಯನ್ನು ಕಿಟಕಿಯಿಂದ ಕಂಡವರು ದಿನ ವ್ಯರ್ಥವಾಯಿತೆಂದು ಹೇಳಲಾರರು.

ಗಂಟು ಕಟ್ಟುವಾಗ ಒಂದು ಎಚ್ಚರ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಭಾರತದಿಂದ ನಾರ್ವೆಯೊಳಗೆ ತರುವಂತಿಲ್ಲವಾದ್ದರಿಂದ, ಯಾರಿಗಾದರೂ ಕೊಡೋಣವೆಂದು ಒಯ್ಯುವ ಧಾರವಾಡದ ಪೇಢೆ ಕಸ್ಟಮ್ಸ್‌ನವರ ಪಾಲಾಗುತ್ತದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗಳಿಗೆ ಆ ತೊಡಕಿಲ್ಲ, ಮತ್ತು ಅಲ್ಲಿಯ ಹೋಟೆಲಿನ ದರ ನೋಡಿದ ಮೇಲೆ ಅವುಗಳ ಬೆಲೆ ತಿಳಿಯುತ್ತದೆ. ರೊಟ್ಟಿಯನ್ನು ಬಟ್ಟೆಗಳ ನಡುವೆ ಇಡಬೇಡಿರಿ, ಪುಡಿಯಾಗುತ್ತದೆ. ಗಟ್ಟಿ ಸ್ಟೀಲಿನ ಡಬ್ಬಿಯಲ್ಲಿ ಒತ್ತಾಗಿ ಜೋಡಿಸಿ, ಮೇಲೆ ಉಳಿದ ಜಾಗಕ್ಕೆ ಕಾಗದ ತುರುಕಿರಿ. ಮಳೆಯಂಗಿಯೂ ಒಂದು ಸ್ವೆಟರೂ ಇರಲಿ, ಏಕೆಂದರೆ ಅಲ್ಲಿಯ ಜುಲೈ ನಮ್ಮ ಶ್ರಾವಣದ ಜಿಟಿಜಿಟಿಗಿಂತ ತಂಪು.

ಇಡೀ ವಾರದ ಪಾಸನ್ನು ಕೊಳ್ಳುವುದು ಹೊಸಬರಿಗೆ ಅನಗತ್ಯವೆಂಬುದು ನನ್ನ ಅಭಿಪ್ರಾಯ. ಹಿತ್ತಾಳೆ ವಾದ್ಯಗಳ ಬೀದಿ ಮೆರವಣಿಗೆಗೆ ದುಡ್ಡು ಬೇಡ. ದೊಡ್ಡ ಹೆಸರಿನವರ ಕಛೇರಿಗಳು ಹಳೆಯ ಮರದ ಮನೆಗಳನ್ನು ತಂದು ನಿಲ್ಲಿಸಿದ ರೋಮ್ಸ್‌ಡಾಲ್ ವಸ್ತುಸಂಗ್ರಹಾಲಯದ ಬಯಲಿನಲ್ಲಿ ನಡೆಯುತ್ತವೆ. ಅಲ್ಲಿ ಪಾಪ್, ರಾಕ್ ಕಲಾವಿದರೂ ಬರುವುದುಂಟು. ಜಾಝನ್ನೇ ಕೇಳಬೇಕೆಂದರೆ 2012ರಲ್ಲಿ ತೆರೆದ ಪ್ಲಾಸೆನ್ ಕಟ್ಟಡದ ಒಳಸಭಾಂಗಣದ ಒಂದು ಸಣ್ಣ ಕಛೇರಿಯನ್ನು ಆರಿಸಿರಿ. 2000ರಿಂದ ಪ್ರತಿವರ್ಷ ಒಬ್ಬ ಕಲಾವಿದರನ್ನು ಹಬ್ಬದ ನಿವಾಸಿ ಕಲಾವಿದರೆಂದು ಕರೆದು, ಬೇರೆ ಬೇರೆ ಮೇಳಗಳೊಂದಿಗೆ ಹಲವು ಕಛೇರಿ ಕೊಡಿಸುವ ಪದ್ಧತಿಯಿದೆ. ಮೊದಲ ವರ್ಷ ಬಂದವರು ಅಮೆರಿಕದ ಪಿಯಾನೊ ವಾದಕ ಚಿಕ್ ಕೊರಿಯಾ. ಹಾಗೆ ಆಯಾ ವರ್ಷ ಬಂದ ಒಬ್ಬರನ್ನೇ ಎರಡು ಸಲ ಕೇಳುವುದು, ಆರು ಮಂದಿಯನ್ನು ಒಂದೊಂದು ಸಲ ಕೇಳುವುದಕ್ಕಿಂತ ಮೇಲು.

ಇನ್ನು ಕೇಳುವ ಬಗೆ. ತಬಲಾ ಸೋಲೊ ಕೇಳಿದವರಿಗೆ ಲೆಹರಾ ಗೊತ್ತು: ಹಾರ್ಮೋನಿಯಂ ಒಂದೇ ಸಾಲನ್ನು ಬಿಡದೆ ಸುತ್ತಿಸುತ್ತದೆ, ತಬಲಾದವರು ಅದರ ಮೇಲೆ ಬೆಳೆಸುತ್ತ ಹೋಗುತ್ತಾರೆ. ಜಾಝ್‌ನಲ್ಲಿ ಆ ಕೆಲಸವನ್ನು ಬಾಸ್ ಎಂಬ ತಗ್ಗು ದನಿಯ ತಂತಿವಾದ್ಯ ಮತ್ತು ಪಿಯಾನೊ ಹಿಡಿದಿರುವ ಸ್ವರಗುಚ್ಛಗಳ ಆವರ್ತನ ಮಾಡುತ್ತದೆ. ಈ ಆವರ್ತನವನ್ನು ‘ಬಾರ್’ ಎಂಬ ಸಣ್ಣ ಖಂಡಗಳಲ್ಲಿ ಅಳೆಯುತ್ತಾರೆ: ಬ್ಲೂಸ್ ಎಂಬ ಬಗೆಯ ಹಾಡಾದರೆ ಸಾಮಾನ್ಯವಾಗಿ 12 ಬಾರ್, ಹಳೆಯ ಹಾಡುಗಳಾದರೆ ಹೆಚ್ಚಾಗಿ 32. ಒಂದೊಂದು ‘ಬಾರ್’ಗೆ ನಾಲ್ಕು ಮಾತ್ರೆಯೆಂದು ಹಿಡಿದು, ಹದಿನಾರು ಮಾತ್ರೆಯ ತೀನತಾಲ ಎಣಿಸುವಂತೆಯೇ ಬೆರಳ ಮೇಲೆ ಎಣಿಸಿರಿ. ಮೊದಲಿಗೆ ಬಂದ ಮೂಲ ಧಾಟಿ, ರಾಗದಲ್ಲಿ ಕಟ್ಟಿದ ನಮ್ಮ ಬಂದಿಶ್ ಇದ್ದಂತೆ. ಆಮೇಲೆ ಒಬ್ಬೊಬ್ಬರೂ ಸರದಿಯಂತೆ ಅದನ್ನು ಬಿಡಿಸಿ, ಕೊನೆಗೆ ಎಲ್ಲರೂ ಕೂಡಿ ಅದಕ್ಕೇ ಮರಳುತ್ತಾರೆ. ಎಣಿಕೆ ತಪ್ಪಿದರೆ ಚಿಂತೆಯಿಲ್ಲ, ಬಾಸಿನವನ ಬೆರಳನ್ನು ನೋಡಿ ಮತ್ತೆ ಸೇರಿಕೊಳ್ಳಿರಿ. ಹೊರಡುವ ಮುನ್ನ, ನಾರ್ವೆಯ ಸ್ಯಾಕ್ಸೊಫೋನ್ ವಾದಕ ಯಾನ್ ಗಾರ್ಬರೆಕ್ 1986ರಲ್ಲಿ ಝಾಕಿರ್ ಹುಸೇನ್ ಮತ್ತು ಹರಿಪ್ರಸಾದ ಚೌರಾಸಿಯಾ ಅವರೊಂದಿಗೆ ನುಡಿಸಿದ ಧ್ವನಿಮುದ್ರಣವನ್ನು ಒಂದೆರಡು ಸಲ ಕೇಳಿದ್ದರೆ ಕಿವಿ ಅರ್ಧ ಪಳಗಿರುತ್ತದೆ.

ದಾದ್, ಅಂದರೆ ಮೆಚ್ಚುಗೆ, ಕೊಡುವ ರೀತಿ ಮಾತ್ರ ಬೇರೆ. ಇಲ್ಲಿ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದಾಗ ‘ವ್ಹಾ’ ಎನ್ನುವ ನಾವು, ಅಲ್ಲಿ ಒಬ್ಬರ ಸರದಿ ಮುಗಿದು ಇನ್ನೊಬ್ಬರು ಎತ್ತಿಕೊಳ್ಳುವ ಸಂದಿಯಲ್ಲಿ ಚಪ್ಪಾಳೆ ತಟ್ಟಬೇಕು, ಹಾಡು ಮುಗಿಯಲೆಂದು ಕಾಯಬೇಕಿಲ್ಲ. ನನಗೆ ಮೊದಲ ದಿನ ಅಭ್ಯಾಸಬಲದಿಂದ ‘ವ್ಹಾ’ ಎಂದೇ ಬಂತು. ಪಕ್ಕದ ಅಜ್ಜಿ ತಿರುಗಿ ನೋಡಿ, ಮುಂದಿನ ಸಲ ನನ್ನೊಡನೆ ತಾನೂ ‘ವ್ಹಾ’ ಎಂದಳು.