ಕೊಯ್ಯುವ ಮುಂಚೆ ಮುಂಗಡ

ಎಂಟು ಹಲಸಿನ ಮುಂಡಿಗೆಗಳು, ಅಂದರೆ ಜಗುಲಿಗೆ ನಿಲ್ಲಿಸುವ ಮರದ ಕಂಬಗಳು, ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ನಮ್ಮ ಶೆಡ್ಡಿನಲ್ಲಿ ಬಿದ್ದಿದ್ದವು. ಒಂದೊಂದೂ 9 ಅಡಿ ಉದ್ದ, 8 ಇಂಚು ಚೌಕ. ಬೆಳಿಗ್ಗೆ ಬೀಗ ತೆಗೆದರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದೇ ಅವು. ಹಸಿ ಮರ ಕೊಯ್ದದ್ದು ಫೆಬ್ರವರಿಯಲ್ಲಿ. ಮಾರ್ಚ್ ಕೊನೆಗೆ ಒಂದರ ತುದಿಯಲ್ಲಿ ಕೂದಲೆಳೆಯಷ್ಟು ಸೀಳು ಕಾಣಿಸಿತು. ಮೇ ತಿಂಗಳ ಬಿಸಿಲಿಗೆ ಅದೇ ಸೀಳಿನಲ್ಲಿ ಒಂದು ರೂಪಾಯಿ ನಾಣ್ಯ ತೂರುತ್ತಿತ್ತು. ಮಳೆ ಹಿಡಿದ ಮೇಲೆ ಮೈಮೇಲೆಲ್ಲ ಬೂಷ್ಟು.

ನಮ್ಮದು ಸಾಗರದ ಹತ್ತಿರ ಸಣ್ಣ ನಾಟಾ ಅಂಗಡಿ. ಅಪ್ಪ ಶುರು ಮಾಡಿದ್ದು. ಒಂದು ಬ್ಯಾಂಡ್‌ಸಾ, ಒಂದು ಪ್ಲೇನರ್, ನಾಲ್ಕು ಜನ ಕೆಲಸದವರು. ಆ ಮುಂಡಿಗೆಗಳನ್ನು ಹೇಳಿದವರು ಹೋಮ್‌ಸ್ಟೇ ಕಟ್ಟಿಸುತ್ತಿದ್ದರು. ಹಳೇ ಮಲೆನಾಡಿನ ಮನೆ ಥರ ಜಗುಲಿ ಬೇಕು ಅಂತ ಆಸೆ. ಕಾಫಿ ಕುಡಿಯುತ್ತಾ ಅಳತೆ ಹೇಳಿದರು. 78,000 ರೂಪಾಯಿ ರೇಟಿಗೆ ಒಪ್ಪಿಕೊಂಡರು. "ನೀವು ಕೊಯ್ಸಿಡಿ, ದುಡ್ಡಿನ ಚಿಂತೆ ಬೇಡ" ಅಂದರು. ನಾನು ಮುಂಗಡ ಕೇಳಲಿಲ್ಲ. ಕೇಳಿದರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೇನೋ ಅನ್ನುವ ಸಂಕೋಚ. ಆರು ವಾರ ಬಿಟ್ಟು ಫೋನ್ ಬಂತು. ಎಂಜಿನಿಯರ್ ಕಾಂಕ್ರೀಟ್ ಕಂಬಕ್ಕೇ ಮರದ ಹೊದಿಕೆ ಹಾಕೋಣ ಅಂದರಂತೆ, ಮುಂಡಿಗೆ ಬೇಡವಂತೆ.

ಲೆಕ್ಕ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂಗಡದ ನನ್ನ ನಿಯಮಗಳೆಲ್ಲ ಹುಟ್ಟಿದ್ದು ಈ ಲೆಕ್ಕದಿಂದಲೇ. 8 ಇಂಚು ಚೌಕದ 9 ಅಡಿ ಮುಂಡಿಗೆ ಅಂದರೆ 4 ಘನ ಅಡಿ. ಎಂಟಕ್ಕೆ 32 ಅಡಿ. ಆದರೆ ದುಂಡು ದಿಮ್ಮಿಯಿಂದ ಚೌಕ ತೆಗೆಯುವಾಗ ಬಿಳಿ ಭಾಗ ಹೋಗುತ್ತದೆ, ಸೊಟ್ಟ ಹೋಗುತ್ತದೆ, ಹೊಟ್ಟು ಹೋಗುತ್ತದೆ. ನಾಲ್ಕೂ ಮುಖಕ್ಕೆ ಕೆಚ್ಚು, ಅಂದರೆ ಒಳಗಿನ ಗಟ್ಟಿ ಮರ, ಬರಬೇಕು ಅಂದರೆ ಇನ್ನೂ ಜಾಸ್ತಿ. ಹಾಗಾಗಿ 55 ಅಡಿ ದಿಮ್ಮಿ ಬೇಕಾಯಿತು. ಅದಕ್ಕೆ 55,000. ಸಾಗಾಟ, ಕೊಯ್ಲು, ಕೂಲಿ ಸೇರಿ ಒಟ್ಟು 63,000. ಮಾರನೇ ವರ್ಷ ಅವನ್ನೇ ಸೀಳಿ ಕಿಟಕಿ ಚೌಕಟ್ಟು, ರೀಪು ಮಾಡಿ ಮಾರಿದಾಗ ಕೈಗೆ ಬಂದದ್ದು 34,000. ಅಂದರೆ 29,000 ಕೈಬಿಟ್ಟಿತು. ಒಂದು ವರ್ಷ ದುಡ್ಡು ಕೂತಿದ್ದರ ಲೆಕ್ಕ ಬೇರೆ.

ದೊಡ್ಡ ಸೈಜನ್ನು ಸಣ್ಣದು ಮಾಡಬಹುದು, ಸಣ್ಣದನ್ನು ದೊಡ್ಡದು ಮಾಡಲಿಕ್ಕಾಗಲ್ಲ. ಬಟ್ಟೆ ಅಂಗಡಿಯವರು ಬೇಡವಾದ ಸೀರೆಯನ್ನು ಮಡಚಿ ಮತ್ತೆ ಕಪಾಟಿಗೆ ಇಡುತ್ತಾರೆ. ಮರಕ್ಕೆ ಗರಗಸ ಬಿದ್ದ ಮೇಲೆ ಆ ದಾರಿ ಇಲ್ಲ.

ಆ ಮಳೆಗಾಲದಲ್ಲೇ ಅಪ್ಪನ ಹಳೇ ಲೆಕ್ಕದ ಪುಸ್ತಕಗಳನ್ನು ತೆಗೆದು ನೋಡಿದೆ. ಪ್ರತಿ ಹೆಸರಿನ ಮುಂದೆ 'ಸಂಚಕಾರ' ಅಂತ ಬರೆದು ಒಂದು ಮೊತ್ತ ಇತ್ತು. ಕೆಲವು ಕಡೆ ಬರೀ 101 ರೂಪಾಯಿ. ಈಗ ಸಂಚಕಾರ ಅಂದರೆ ಕುತ್ತು ಅನ್ನುವ ಅರ್ಥವೇ ಎಲ್ಲರ ಬಾಯಲ್ಲಿ. ಅಪ್ಪನ ಕಾಲದಲ್ಲಿ ಅದು ಮಾತು ಗಟ್ಟಿ ಮಾಡುವ ದುಡ್ಡು. ಅವರ ಗಿರಾಕಿಗಳೆಲ್ಲ ಸುತ್ತಿನ ಹಳ್ಳಿಯವರು, ವಾರದ ಸಂತೆಯಲ್ಲಿ ಮುಖ ನೋಡಲೇಬೇಕಾದವರು. ಅವರ ಹತ್ತಿರವೂ ಅಪ್ಪ ತೆಗೆದುಕೊಳ್ಳುತ್ತಿದ್ದರು. ಬಿಟ್ಟವನು ನಾನು.

ಆಮೇಲೆ ಇನ್ನೊಂದೂ ಹೊಳೆಯಿತು. ಅರಣ್ಯ ಇಲಾಖೆಯ ಡಿಪೋ ಹರಾಜಿಗೆ ಹೋದರೆ ನಾನು ಮೊದಲು ಇಎಂಡಿ ಅನ್ನುವ ಠೇವಣಿ ಕಟ್ಟಬೇಕು, ಕಟ್ಟದೆ ಕೂಗುವ ಹಾಗೇ ಇಲ್ಲ. ತೋಟದ ಮರ ಕೊಂಡರೆ ಕೊಡಲಿ ಬೀಳುವ ಮುಂಚೆ ಮರದ ಯಜಮಾನರಿಗೆ ದುಡ್ಡು. ಕಡಿಯುವವರಿಗೆ, ಲೋಡಿಂಗಿನವರಿಗೆ, ಲಾರಿಯವರಿಗೆ ಅವತ್ತಿನದು ಅವತ್ತೇ. ನಾನು ಎಲ್ಲರಿಗೂ ಮೊದಲೇ ಕೊಟ್ಟು, ಗಿರಾಕಿಯಿಂದ ಮಾತ್ರ ಕೊನೆಗೆ ತೆಗೆದುಕೊಳ್ಳುತ್ತಿದ್ದೆ.

ಮೊದಲು 25 ಪರ್ಸೆಂಟ್ ಅಂತ ಬೋರ್ಡ್ ಬರೆಸೋಣ ಅಂದುಕೊಂಡೆ. ಮುಂಡಿಗೆಯ ಲೆಕ್ಕಕ್ಕೆ ಹಾಕಿ ನೋಡಿದರೆ 19,500 ಬರುತ್ತದೆ. ನಷ್ಟ 29,000. ಸಾಲಲ್ಲ. ಹಾಗಂತ ಮಾಮೂಲಿ ಕಿಟಕಿ ಚೌಕಟ್ಟಿಗೆ ಅರ್ಧ ದುಡ್ಡು ಕೇಳುವುದೂ ಸರಿಯಲ್ಲ. ಒಬ್ಬರು ಬೇಡ ಅಂದರೆ ನಾಳೆ ಇನ್ನೊಬ್ಬರು ಒಯ್ಯುತ್ತಾರೆ. ಆದ್ದರಿಂದ ಪ್ರತಿ ಆರ್ಡರ್‌ಗೂ ಒಂದೇ ಪ್ರಶ್ನೆ ಇಟ್ಟುಕೊಂಡೆ: ಇವರು ನಾಳೆ ಬೇಡ ಅಂದರೆ ಇದು ಬೇರೆಯವರಿಗೆ ಎಷ್ಟಕ್ಕೆ ಹೋಗುತ್ತದೆ?

ರೆಡಿ ಸೈಜಿಗೆ ಮುಂಗಡ ಇಲ್ಲ. ಸೈಜು ಬೇರೆ ಇದ್ದರೂ ಇನ್ನೊಂದು ಕೆಲಸಕ್ಕೆ ಹೊಂದಿಸಬಹುದಾದ ಹಲಗೆ, ಪಕಾಸಿಗೆ (ಮಾಡಿನ ಇಳಿಜಾರು ಮರ) 30 ಪರ್ಸೆಂಟ್. ಮುಂಡಿಗೆ, ದೊಡ್ಡ ತೊಲೆ, ಅವರಿಗೋಸ್ಕರವೇ ಹುಡುಕಿ ತರಬೇಕಾದ ಮರ, ಆಮೇಲೆ ಆಯ ನೋಡಿ ಅಳತೆ ಕೊಟ್ಟ ಮುಂಬಾಗಿಲು, ಇವಕ್ಕೆ ಅರ್ಧ. ಉಳಿದದ್ದು ಲೋಡ್ ಮಾಡುವ ಮುಂಚೆ.

ಆಯದ ಬಾಗಿಲಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಸುಮಾರು ಜನ ಮುಂಬಾಗಿಲ ಅಳತೆಯನ್ನು ಲೆಕ್ಕ ಹಾಕಿ, ಎಂಟರಿಂದ ಭಾಗಿಸಿ, ಉಳಿದ ಶೇಷ ನೋಡುತ್ತಾರೆ, ಅದೇ ಆಯ. ಧ್ವಜಾಯ, ಸಿಂಹಾಯ, ವೃಷಭಾಯ, ಗಜಾಯ ಬಂದರೆ ಒಳ್ಳೆಯದು. ಬರದಿದ್ದರೆ ಅರ್ಧ ಇಂಚು, ಕಾಲು ಇಂಚು ಆಚೀಚೆ ಮಾಡುತ್ತಾರೆ. ಹಾಗಾಗಿ ನನಗೆ ಬರುವ ಅಳತೆ 3 ಅಡಿ 7 ಮುಕ್ಕಾಲು ಇಂಚು, 6 ಅಡಿ 10 ಕಾಲು ಇಂಚು, ಹೀಗೆ. ಆ ಬಾಗಿಲುವಾಡ, ಅಂದರೆ ಬಾಗಿಲ ಚೌಕಟ್ಟು, ಆ ಮನೆಗೇ ಸರಿ. ಇನ್ನೊಬ್ಬರ ಆಯಕ್ಕೆ ಕೂರುವುದಿಲ್ಲ, ಇನ್ನೊಬ್ಬರಿಗೆ ಅಂತ ಮಾಡಿದ ಹೊಸಿಲನ್ನು ಯಾರೂ ಇಷ್ಟಪಟ್ಟು ಒಯ್ಯುವುದೂ ಇಲ್ಲ. ಮರ ಬರೀ ಮೂರು ಘನ ಅಡಿ ಚಿಲ್ಲರೆ ಇರಬಹುದು, ಆದರೂ ಅರ್ಧ ಮುಂಗಡ ಕೇಳುವುದು ಇದಕ್ಕೇ.

ಹೊಸ ಪದ್ಧತಿಯಲ್ಲಿ ಮೊದಲ ಸಲ ಕೇಳಿದ್ದು ಒಬ್ಬ ಹಿರಿಯ ಅಡಿಕೆ ಬೆಳೆಗಾರರ ಹತ್ತಿರ. ನನಗೆ ಮಾತೇ ಹೊರಡುತ್ತಿರಲಿಲ್ಲ. "ಹಾಗಲ್ಲ, ದಿಮ್ಮಿ ತರಲಿಕ್ಕೆ ಸ್ವಲ್ಪ..." ಅಂತ ಏನೇನೋ ಹೇಳುತ್ತಿದ್ದೆ. ಅವರೇ ತಡೆದರು. "ಮುಂಗಡ ಬೇಕು ಅಂತ ನೇರ ಹೇಳು ಮಾರಾಯ. ಚೇಣಿಯವನು ಅಡಿಕೆ ಕೊನೆ ಇಳಿಸೋ ಮುಂಚೆ ನಮಗೆ ಕೊಡಲ್ವಾ? ಹಾಗೇ ಇದು." ಚೇಣಿ ಅಂದರೆ ಮರದಲ್ಲಿರುವ ಅಡಿಕೆ ಫಸಲನ್ನು ಗುತ್ತಿಗೆಗೆ ಕೊಡುವುದು. ಅಂಗಿಯ ಕಿಸೆಯಿಂದ ಚೆಕ್ ಪುಸ್ತಕ ತೆಗೆದು ಅಲ್ಲೇ ಬರೆದರು. ಅವತ್ತಿನಿಂದ ತೋಟದವರಿಗೆ ನಾನು ಬೇರೆ ವಿವರಣೆ ಕೊಟ್ಟಿಲ್ಲ. ಚೇಣಿ ಗೊತ್ತಿರುವ ಊರಿನಲ್ಲಿ ಮುಂಗಡ ಹೊಸದೇನೂ ಅಲ್ಲ.

ಆದರೆ ಆ ವರ್ಷವೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಮೂರು ನಾಲ್ಕು ಮುಂಗಡ ಒಟ್ಟಿಗೆ ಬಂದು ಬ್ಯಾಂಕಿನಲ್ಲಿ ದುಡ್ಡು ಕಾಣಿಸಿತು. ಒಳ್ಳೆಯ ಲಾಟ್ ಸಿಗುತ್ತಿದೆ ಅಂತ ಆ ದುಡ್ಡನ್ನು ಸಾಗುವಾನಿಗೆ ಹಾಕಿಬಿಟ್ಟೆ. ಆಮೇಲೆ ಒಬ್ಬರ ಹೆಬ್ಬಲಸಿನ ದಿಮ್ಮಿ ತರುವ ಹೊತ್ತಿಗೆ ಕೈಯಲ್ಲಿ ಕಾಸಿಲ್ಲ. ಅವರ ಹೊಸಿಲು ಪೂಜೆಗೆ ಮುಹೂರ್ತ ಗೊತ್ತಾಗಿತ್ತು. ದಿನ ಹತ್ತಿರ ಬರುತ್ತಿದ್ದ ಹಾಗೆ ನನಗೆ ರಾತ್ರಿ ನಿದ್ದೆ ಇಲ್ಲ. ಕೊನೆಗೆ ಬೇರೆ ಸಾಮಿಲ್‌ನವರು ಹೇಳಿದ ರೇಟಿಗೆ ಅವರಿಂದ ಮರ ಕೊಂಡು, ರಾತ್ರಿ ಹನ್ನೊಂದರವರೆಗೆ ಕೆಲಸ ಮಾಡಿಸಿ, ಮುಹೂರ್ತದ ಹಿಂದಿನ ದಿನ ಬಾಗಿಲುವಾಡ ಮುಟ್ಟಿಸಿದೆ. ಲಾಭ ಬಿಡಿ, ಕೈಯಿಂದಲೇ ಹೋಯಿತು. ಆದರೆ ಅವರ ಮುಹೂರ್ತ ತಪ್ಪಲಿಲ್ಲ.

ಮರುದಿನವೇ ಮುಂಗಡಕ್ಕೆ ಅಂತ ಬೇರೆ ಬ್ಯಾಂಕ್ ಖಾತೆ ತೆರೆದೆ. ಆ ಖಾತೆಯಿಂದ ದುಡ್ಡು ಹೊರಡುವುದು ಆಯಾ ಆರ್ಡರಿನ ಮರಕ್ಕೆ ಮತ್ತು ಕೊಯ್ಲಿಗೆ ಮಾತ್ರ. ಬೇರೆಯವರು ಮುಂಗಡ ಶುರು ಮಾಡುತ್ತೇವೆ ಅಂದಾಗ ನಾನು ಮೊದಲು ಹೇಳುವುದು ಇದನ್ನೇ. ದುಡ್ಡು ತೆಗೆದುಕೊಂಡ ಕ್ಷಣದಿಂದ ನಾವು ಸಾಲಗಾರರು. ಮರ ಕೊಡುವವರೆಗೆ ಅದು ಅವರದೇ ದುಡ್ಡು.

ಇನ್ನು ಚೀಟಿ. ಕಾರ್ಬನ್ ಹಾಕಿ ಎರಡು ಪ್ರತಿ ಬರೆಯುತ್ತೇನೆ. ಯಾವ ಮರ, ಎಷ್ಟು ತುಂಡು, ಅಳತೆ, ಘನ ಅಡಿಗೆ ರೇಟು, ಮುಂಗಡ, ಕೊಡುವ ದಿನ. ಅಳತೆಯ ಪಕ್ಕದಲ್ಲಿ 'ಒಳ ಅಳತೆ' ಅಥವಾ 'ಹೊರ ಅಳತೆ' ಅಂತ ಬರೆಯಲೇಬೇಕು. ಒಮ್ಮೆ ಬಾಗಿಲುವಾಡದ ಅಳತೆಯನ್ನು ಬಡಗಿ ಆಚಾರ್ರು ಒಳ ಅಳತೆ ಅಂತ ಹೇಳಿದ್ದರು, ನಾವು ಹೊರಗಿನದು ಅಂತ ಕೊಯ್ದೆವು. ಎರಡೂ ಬದಿ 4 ಇಂಚು ಮರ, ಒಟ್ಟು 8 ಇಂಚು ಕಡಿಮೆ ಬಿತ್ತು. ತಪ್ಪು ಯಾರದು ಅಂತ ಹೇಳಲು ಕಾಗದ ಇರಲಿಲ್ಲ, ಹೊಸ ಮರ ನಾನೇ ಹಾಕಿದೆ. ಈಗ ಆ ಎರಡು ಪದದ ಕೆಳಗೆ ಗೆರೆ ಎಳೆದು, ಓದಿ ಹೇಳಿ, ಸಹಿ ತೆಗೆದುಕೊಳ್ಳುತ್ತೇನೆ. ಆಚಾರ್ರದ್ದಲ್ಲ, ಮನೆ ಯಜಮಾನರದ್ದು. ಮುಂಗಡವೂ ಯಜಮಾನರಿಂದಲೇ ಬರಬೇಕು. ಆಚಾರ್ರ ಕೈಯಿಂದ ಬಂದರೆ ನಾಳೆ ಅವರಿಬ್ಬರ ನಡುವಿನ ಲೆಕ್ಕಕ್ಕೆ ನನ್ನ ಮರ ಸಿಕ್ಕಿಹಾಕಿಕೊಳ್ಳುತ್ತದೆ.

ಹಿಂದಕ್ಕೆ ಕೊಡುವ ಮಾತೂ ಚೀಟಿಯಲ್ಲೇ ಇದೆ. ದಿಮ್ಮಿ ಬಂದ ಮೇಲೆ ತುದಿಗೆ ಕೆಂಪು ಬಣ್ಣದಲ್ಲಿ ಗಿರಾಕಿಯ ಹೆಸರು, ಚೀಟಿ ನಂಬರ್ ಬರೆದು ವಾಟ್ಸಾಪ್‌ನಲ್ಲಿ ಫೋಟೊ ಕಳಿಸುತ್ತೇವೆ. ಆದವರು ಬಂದು ನೋಡುತ್ತಾರೆ, ಕೈಯಲ್ಲಿ ತಟ್ಟುತ್ತಾರೆ, ಕೆಚ್ಚು ಎಲ್ಲಿಯವರೆಗೆ ಇದೆ ಕೇಳುತ್ತಾರೆ. ಕೊಯ್ಯುವ ಹಿಂದಿನ ದಿನ ಫೋನ್ ಮಾಡುತ್ತೇವೆ: "ನಾಳೆ ಮಿಷನ್ನಿಗೆ ಹಾಕ್ತೇವೆ, ಏನಾದ್ರೂ ಬದಲಾವಣೆ ಇದೆಯಾ?" ಅಲ್ಲಿಯವರೆಗೆ ಬೇಡ ಅಂದರೆ, ಮಾಮೂಲಿ ಮರವಾದರೆ ಪೂರ್ತಿ ವಾಪಸ್. ವಿಶೇಷವಾಗಿ ತರಿಸಿದ ಮರವಾದರೆ ಸಾಗಾಟ ಮಾತ್ರ ಹಿಡಿಯುತ್ತೇನೆ. ಕೊಯ್ದ ಮೇಲೆ ಬೇಡ ಅಂದರೆ ಆ ತುಂಡುಗಳನ್ನು ಮಾರಿ, ಬಂದದ್ದನ್ನು ಬರೆದು ತೋರಿಸಿ, ನನಗಾದ ನಷ್ಟ ಮಾತ್ರ ಕಳೆದು ಉಳಿದದ್ದು ಕೊಡುತ್ತೇನೆ. ನಮಗೆ ಬೇಕಾದ ವಕೀಲರೊಬ್ಬರು ಇದನ್ನು ಮೊದಲೇ ಎಚ್ಚರಿಸಿದ್ದರು. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಒಪ್ಪಂದ ಮುರಿದವರಿಂದ ಸಿಗುವುದು ನ್ಯಾಯವಾದ ಪರಿಹಾರ ಅಷ್ಟೆ, ಕಾಗದದಲ್ಲಿ 'ಮುಂಗಡ ವಾಪಸಿಲ್ಲ' ಅಂತ ದಪ್ಪಕ್ಷರದಲ್ಲಿ ಬರೆದುಕೊಂಡ ಮಾತ್ರಕ್ಕೆ ಎಲ್ಲ ನಮ್ಮದಾಗುವುದಿಲ್ಲ ಅಂತ. ಕಾನೂನು ಇರಲಿ ಬಿಡಲಿ, ನಷ್ಟಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದು ನನಗೂ ಮನಸ್ಸಿಗೆ ಒಗ್ಗುವುದಿಲ್ಲ.

ತೆರಿಗೆಯದು ಜಾಸ್ತಿ ತಲೆನೋವಿಲ್ಲ. ಸಾಮಾನ್ಯ ಜಿಎಸ್‌ಟಿಯಲ್ಲಿ ಇರುವವರು ಸರಕಿನ ಮುಂಗಡಕ್ಕೆ ಅವತ್ತೇ ತೆರಿಗೆ ಕಟ್ಟಬೇಕಿಲ್ಲ, 2017ರ ನವೆಂಬರ್‌ನಿಂದ ಹಾಗಿದೆ. ಬಿಲ್ ಮಾಡುವಾಗ ಕಟ್ಟಿದರೆ ಆಯಿತು. ರಸೀದಿ ಮಾತ್ರ ಕೊಡಬೇಕು. ಒಂದೇ ವ್ಯವಹಾರಕ್ಕೆ ನಗದಿನಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ, ಕಂತಿನಲ್ಲಿ ಕೊಟ್ಟರೂ ಅಷ್ಟೆ.

ನೆಂಟರ ಹತ್ತಿರ ಕೇಳುವುದು ಎಲ್ಲಕ್ಕಿಂತ ಕಷ್ಟ. ಚಿಕ್ಕಪ್ಪನ ಮನೆಗೆ ತೊಲೆ ಬೇಕಾದಾಗ ನಾನು ಚೀಟಿ ಬರೆದು ಮುಂದಿಟ್ಟೆ. ಅವರ ಮುಖ ಸಣ್ಣದಾಯಿತು. "ನಂಗೂ ಚೀಟಿಯೇನೋ?" ಅಂದರು. "ಹೌದು ಚಿಕ್ಕಪ್ಪ, ಎಲ್ಲರಿಗೂ ಒಂದೇ. ರೇಟಿನಲ್ಲಿ ಬೇಕಾದರೆ ಬಿಡುತ್ತೇನೆ" ಅಂದೆ. ಎರಡು ದಿನ ಬಿಟ್ಟು ಮುಂಗಡ ಕಳಿಸಿದರು. ಸ್ವಲ್ಪ ದಿನ ಮಾತು ಕಡಿಮೆ ಇತ್ತು, ಗೃಹಪ್ರವೇಶಕ್ಕೆ ಮೊದಲು ಕರೆದದ್ದು ನಮ್ಮನ್ನೇ.

ಮುಂಗಡ ಕೇಳಿದ್ದಕ್ಕೆ ಬಿಟ್ಟು ಹೋದವರೂ ಇದ್ದಾರೆ. ಮೊದಲ ವರ್ಷ ಆರೇಳು ಜನ. ಅವರಲ್ಲಿ ಇಬ್ಬರು ಎಲ್ಲೂ ಮರ ತೆಗೆದುಕೊಳ್ಳಲೇ ಇಲ್ಲ, ಮನೆ ಕೆಲಸವೇ ಮುಂದೆ ಹೋಯಿತು ಅಂತ ಆಮೇಲೆ ಗೊತ್ತಾಯಿತು. ಅವರ ತುಂಡುಗಳು ನನ್ನ ಶೆಡ್ಡಿನಲ್ಲಿ ಇರುತ್ತಿದ್ದವು, ಅಷ್ಟೆ.

ನನಗೆ ಈಗಲೂ ಮನಸ್ಸು ಹಿಂಡುವುದು ಇನ್ನೊಂದು ಥರದ ಗಿರಾಕಿಗಳು. ಬಸವ ವಸತಿಯಂಥ ಯೋಜನೆಯಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ದುಡ್ಡು ಹಂತ ಹಂತವಾಗಿ ಬರುತ್ತದೆ. ತಳಪಾಯ ಆಗಬೇಕು, ಫೋಟೊ ಹೋಗಬೇಕು, ಆಮೇಲೆ ಕಂತು. ಗೋಡೆ ಏಳಿಸುವಾಗಲೇ ಬಾಗಿಲುವಾಡ ನಿಲ್ಲಿಸಬೇಕು, ಆದರೆ ಕೈಯಲ್ಲಿ ಆ ಹೊತ್ತಿಗೆ ಏನೂ ಇರುವುದಿಲ್ಲ. ಅವರ ಹತ್ತಿರ ಅರ್ಧ ಮುಂಗಡ ಕೇಳಿದರೆ ಬಾಗಿಲು ಇಲ್ಲದೆ ಗೋಡೆ ನಿಲ್ಲುತ್ತದೆ. ಅದಕ್ಕೆ 3 ಅಡಿ ಅಗಲ, 6 ಮುಕ್ಕಾಲು ಅಡಿ ಎತ್ತರದ ಅಕೇಶಿಯಾ ಬಾಗಿಲುವಾಡಗಳನ್ನು ಮೊದಲೇ ಮಾಡಿ ಹತ್ತು ಹನ್ನೆರಡು ಯಾವಾಗಲೂ ಇಟ್ಟಿರುತ್ತೇನೆ. ರೆಡಿ ಸೈಜು, ಮುಂಗಡ ಇಲ್ಲ. ಮೇಸ್ತ್ರಿಗೆ ಮೊದಲೇ ಅಳತೆ ಹೇಳಿಕಳಿಸಿ ಅಂತ ಹೇಳುತ್ತೇನೆ. ಕಂತು ಬಂದ ಮೇಲೆ ಕೊಡುತ್ತಾರೆ. ಮುಂಡಿಗೆಗಳು ಬಿದ್ದಿದ್ದ ಜಾಗದಲ್ಲಿ ಈಗ ನಿಂತಿರುವುದು ಅವೇ.